ಪಾಷಾಣ ಇಟ್ಟರೂ ಗದ್ದೆ ಇಲಿ ಯಾಕೆ ಕಡಿಮೆ ಆಗಲ್ಲ?

ಭತ್ತ ಹೊಡೆ ಕಟ್ಟುವ ಹೊತ್ತಿಗೆ ಮಂಡ್ಯ, ಮೈಸೂರು ಕಡೆಯ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಎರಡು ಬಗೆಯ ಸುದ್ದಿ ಅಕ್ಕಪಕ್ಕ ಕಾಣಿಸಿಕೊಳ್ಳುತ್ತವೆ. ಒಂದು, ಗದ್ದೆಯಲ್ಲಿ ಇಲಿ ಕಾಟ, ರೈತರು ಕಂಗಾಲು. ಇನ್ನೊಂದು, ಕಬ್ಬು ಕಡಿಯುವಾಗ ಚಿರತೆ ಮರಿ ಪತ್ತೆ, ಬೋನು ಇಟ್ಟ ಅರಣ್ಯ ಇಲಾಖೆ. ಎರಡನ್ನೂ ಒಟ್ಟಿಗೆ ಓದಿದವರಿಗೆ ಗೊಂದಲ ಆಗದೇ ಇರಲ್ಲ. ಟೀ ಅಂಗಡಿಯಲ್ಲಿ ಒಬ್ಬರು, ಇಲಿಗೆ ವಿಷ ಒಗ್ಗಿಹೋಗಿದೆ ಅನ್ನುತ್ತಾರೆ. ಇನ್ನೊಬ್ಬರು, ಚಿರತೆ ಹಿಡಿದು ಸಾಗಿಸಿದ್ದಕ್ಕೇ ಇಲಿ ಜಾಸ್ತಿ ಆಯ್ತು ಅನ್ನುತ್ತಾರೆ. ಮೊಬೈಲ್‌ನಲ್ಲಿ ಬರುವ ವಿಡಿಯೊ ಮಾತ್ರ, ಇಲಿ ತಿನ್ನುವ ಗೂಬೆ ಬಂದು ಗೂಡು ಮಾಡಲು ಹೊಲಕ್ಕೊಂದು ಪೆಟ್ಟಿಗೆ ಕಟ್ಟಿ, ಎಲ್ಲ ಸರಿಹೋಗುತ್ತೆ ಅನ್ನುತ್ತದೆ.

ಮೂರು ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಮೂರರಲ್ಲೂ ಇಲಿಯೇ ಕಾಣೆ. ಸುತ್ತಲೂ ಶತ್ರುಗಳನ್ನು ಇಟ್ಟುಕೊಂಡ, ಮುಷ್ಟಿಯಲ್ಲಿ ಹಿಡಿಯಬಹುದಾದ ಈ ಪ್ರಾಣಿ ರಾತ್ರಿ ಕಳೆದು ಬೆಳಗಿನವರೆಗೆ ಬದುಕುವುದು ಹೇಗೆ? ಅದನ್ನು ಮೊದಲು ನೋಡಿದರೆ ಪಾಷಾಣ ಯಾಕೆ ಕೈಕೊಡುತ್ತದೆ ಅನ್ನುವುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಯಾವ ಇಲಿಯ ಮಾತು?

ನಾವು ಸುಮ್ನೆ ಇಲಿ ಅಂದುಬಿಡುತ್ತೇವೆ. ಬಯಲಿನಲ್ಲಿ ಇರುವುದು ಒಂದೇ ಜಾತಿ ಅಲ್ಲ. ಭತ್ತ, ಕಬ್ಬಿಗೆ ದೊಡ್ಡ ಪೆಟ್ಟು ಕೊಡುವುದು ಬಯಲು ಹೆಗ್ಗಣ. ಬ್ಯಾಂಡಿಕೋಟಾ ಬೆಂಗಾಲೆನ್ಸಿಸ್ ಎಂಬುದು ಇದರ ವೈಜ್ಞಾನಿಕ ಹೆಸರು. ಚರಂಡಿಯಲ್ಲಿ ಓಡಾಡುವ ದೊಡ್ಡ ಹೆಗ್ಗಣಕ್ಕಿಂತ ಚಿಕ್ಕದು, ಆದರೆ ಮಣ್ಣು ತೋಡುವುದರಲ್ಲಿ ನಿಸ್ಸೀಮ. ಇದರ ಜೊತೆಗೆ ಮೆತ್ತನೆ ತುಪ್ಪಳದ ಹೊಲದಿಲಿ ಇದೆ. ರಾಗಿ, ಕಡಲೆಕಾಯಿ ಬೆಳೆಯುವ ಒಣಭೂಮಿಯಲ್ಲಿ ಉದ್ದ ಹಿಂಗಾಲಿನ, ಬಾಲದ ತುದಿಯಲ್ಲಿ ಕುಚ್ಚಿರುವ ಜರ್ಬಿಲ್ ಇದೆ. ಬೆರಳುದ್ದದ ಚಿಟ್ಟಿಲಿಯೂ ಇದೆ. ಮನೆಯಲ್ಲಿ ಕಿಚ್ ಕಿಚ್ ಅನ್ನುತ್ತ ಗೋಡೆ ಬದಿಗೆ ಓಡುವ, ನಾತ ಬೀರುವ ಸುಂಡಿಲಿ ಇಲಿಯೇ ಅಲ್ಲ. ಅದು ಹುಳ ಹುಪ್ಪಟೆ ತಿನ್ನುವ ಬೇರೆ ಕುಲದ ಪ್ರಾಣಿ. ಅದನ್ನು ಇಲಿ ಎಂದು ಕೊಂದರೆ ಲಾಭ ಇಲ್ಲ.

ಬಯಲು ಹೆಗ್ಗಣದ್ದು ಇನ್ನೊಂದು ಗುಣ. ತಿನ್ನುವುದಷ್ಟೇ ಅಲ್ಲ, ಕೂಡಿಡುತ್ತದೆ. ತೆನೆ ಕತ್ತರಿಸಿ ಬಿಲದೊಳಗಿನ ಕೋಣೆಗೆ ಸಾಗಿಸುತ್ತದೆ. ಕೊಯ್ಲಾದ ಮೇಲೆ ಬಿಲ ಅಗೆದು ಆ ಭತ್ತವನ್ನು ಹೊರತೆಗೆಯುವ ರೂಢಿ ದೇಶದ ಎಷ್ಟೋ ಕಡೆ ಇದೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಎಂಬ ಗಾದೆ ಕಟ್ಟಿದವರು ಬಹುಶಃ ಗದ್ದೆ ಬದು ಅಗೆದವರಲ್ಲ.

ಓಟ: ಅರೆಕ್ಷಣದ ಲೆಕ್ಕ

ಚಿಕ್ಕ ಪ್ರಾಣಿಯ ಓಟ ಅಂದರೆ ದೂರ ಓಡುವುದಲ್ಲ. ಮೊದಲ ಅರೆಕ್ಷಣದಲ್ಲಿ ಏನು ಮಾಡುತ್ತದೆ ಅನ್ನುವುದೇ ಮುಖ್ಯ.

ಇದನ್ನು ತುಂಬಾ ಚೆನ್ನಾಗಿ ನೋಡಿರುವುದು ಅಮೆರಿಕದ ನೈಋತ್ಯ ಮರುಭೂಮಿಯಲ್ಲಿ. ಅಲ್ಲಿನ ಕಾಂಗರೂ ಇಲಿಯ ಮೇಲೆ ಬುಡುಬುಡಿಕೆ ಹಾವು ಎರಗುವುದನ್ನು ಸಂಶೋಧಕರು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದಾರೆ. ಹಾವು ಚಿಮ್ಮಿ ಬರುವುದಕ್ಕೂ ಇಲಿ ನೆಲ ಬಿಡುವುದಕ್ಕೂ ನಡುವಿನ ಸಮಯ ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಇರಲಿಲ್ಲ. ನಾವು ಒಮ್ಮೆ ಕಣ್ಣು ಮಿಟುಕಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಎಷ್ಟೋ ಸಲ ಆ ಇಲಿ ಗಾಳಿಯಲ್ಲೇ ಮೈ ತಿರುಚಿ, ಹಿಂಗಾಲಿನಿಂದ ಹಾವಿನ ತಲೆಗೆ ಒದ್ದು ದೂರ ಬೀಳುತ್ತದೆ.

ನಮ್ಮ ಗದ್ದೆ ಇಲಿ ಹಾಗೆ ಹಾರಲ್ಲ. ಆದರೆ ಲೆಕ್ಕ ಅದೇ. ಹಾವು ಬೆನ್ನಟ್ಟಿ ಹಿಡಿಯುವುದಕ್ಕಿಂತ ಹೊಂಚು ಹಾಕಿ ಎರಗುವುದೇ ಹೆಚ್ಚು. ಗೂಬೆ ಸದ್ದಿಲ್ಲದೆ ಮೇಲಿಂದ ಇಳಿಯುತ್ತದೆ. ಮೊದಲ ಏಟು ತಪ್ಪಿದರೆ ಅರ್ಧ ಗೆದ್ದ ಹಾಗೆ. ಇನ್ನರ್ಧ ಗೆಲ್ಲಬೇಕಾದರೆ ಎರಡನೇ ಏಟು ಬೀಳುವ ಮೊದಲು ಮರೆಗೆ ಸೇರಬೇಕು. ಪುಟ್ಟ ಮೈಗೆ ದಮ್ಮು ಕಡಿಮೆ. ಬಯಲಿನಲ್ಲಿ ಓಡುತ್ತಲೇ ಇದ್ದರೆ ಯಾರಾದರೂ ಹಿಡಿದೇ ಹಿಡಿಯುತ್ತಾರೆ. ಹಾಗಾಗಿ ಇಲಿ ಓಡುವುದು ಕೆಲವೇ ಮಾರು.

ಮೊಲದ ಜೊತೆ ಹೋಲಿಸಿ ನೋಡಿ. ನಮ್ಮ ಕುರುಚಲು ಬಯಲಿನ ಮೊಲ ಬಿಲ ತೋಡಲ್ಲ. ಹುಲ್ಲಿನ ನಡುವೆ ಒಂದು ಗುಳಿಯಲ್ಲಿ ಅಡಗಿ ಕೂರುತ್ತದೆ. ಕಣ್ಣು ತಲೆಯ ಎರಡು ಪಕ್ಕದಲ್ಲಿ ಇರುವುದರಿಂದ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ನಾಯಿ ತೀರಾ ಹತ್ತಿರ ಬರುವ ತನಕ ಕದಲಲ್ಲ. ಎದ್ದಿತೋ, ಅಂಕುಡೊಂಕಾಗಿ ಓಡುತ್ತದೆ. ಭಾರದ ನಾಯಿಗೆ ಪ್ರತಿ ತಿರುವಿನಲ್ಲೂ ವೇಗ ಕಳೆದುಕೊಂಡು ಮತ್ತೆ ಗಳಿಸಬೇಕು. ಮೊಲಕ್ಕೆ ಆ ಖರ್ಚು ಕಡಿಮೆ. ಹೋಗಿ ಸೇರಲು ಮನೆ ಇಲ್ಲದ್ದಕ್ಕೇ ಅದಕ್ಕೆ ಅಷ್ಟು ಉದ್ದ ಕಾಲು, ಅಷ್ಟು ದೂರದ ಓಟ. ಇಲಿಗೆ ಮನೆ ಇದೆ. ಅದಕ್ಕೆ ಬೇಕಾದದ್ದು ದಾರಿ.

ಬಿಲದ ದಾರಿ ತಲೆಯಲ್ಲೇ ಇದೆ

ಇಲ್ಲಿ ಓಟದ ಜೊತೆಗೆ ನೆನಪು ಸೇರಿಕೊಳ್ಳುತ್ತದೆ. ಅಪಾಯ ಕಂಡ ಮೇಲೆ ಬಿಲ ಎಲ್ಲಿದೆ ಎಂದು ಹುಡುಕುತ್ತ ಕೂತರೆ ಕಥೆ ಮುಗಿದ ಹಾಗೆ. ಬಿಲ ಎಲ್ಲಿದೆ ಅನ್ನುವುದು ಅಪಾಯ ಬರುವ ಮೊದಲೇ ಗೊತ್ತಿರಬೇಕು.

2017ರಲ್ಲಿ ಟಿಯಾಗೊ ಬ್ರಾಂಕೊ ಅವರ ತಂಡ ಬ್ರಿಟನ್ನಿನಲ್ಲಿ ಸಾದಾ ಚಿಟ್ಟಿಲಿಗಳ ಮೇಲೆ ಮಾಡಿದ ಪ್ರಯೋಗ ಇದನ್ನು ಬಿಡಿಸಿ ತೋರಿಸಿತು. ದುಂಡನೆಯ ಒಂದು ಅಂಕಣ. ಒಂದು ಕಡೆ ಅಡಗಲು ಗೂಡು. ಮೇಲಿನ ಪರದೆಯಲ್ಲಿ ಕಪ್ಪು ಚುಕ್ಕೆಯೊಂದು ದೊಡ್ಡದಾಗುತ್ತ ಬರುತ್ತದೆ, ಹದ್ದು ಎರಗಿದ ಹಾಗೆ. ಇಲಿ ಮೊದಲು ತಲೆಯನ್ನು ಗೂಡಿನ ಕಡೆ ತಿರುಗಿಸಿತು, ಆಮೇಲೆ ನೆಟ್ಟಗೆ ಓಡಿತು. ಆ ಗೂಡನ್ನು ಅದು ಹಿಂದೆ ಒಂದೇ ಒಂದು ಸಲ, ಕೆಲವೇ ಸೆಕೆಂಡು ಹೊಕ್ಕು ಬಂದಿದ್ದರೂ ಸಾಕಾಗುತ್ತಿತ್ತು. ಗೂಡನ್ನು ಎತ್ತಿ ಬೇರೆ ಕಡೆ ಇಟ್ಟರೆ? ಇಲಿ ಹೊಸ ಗೂಡಿನ ಕಡೆ ನೋಡಲಿಲ್ಲ. ಹಳೇ ಜಾಗಕ್ಕೇ ಓಡಿತು. ಕಣ್ಣಿಗೆ ಕಂಡದ್ದನ್ನಲ್ಲ, ತಲೆಯಲ್ಲಿ ಇದ್ದದ್ದನ್ನು ನಂಬಿತು. ಗೂಡೇ ಇಲ್ಲದಾಗ ಓಡುವುದನ್ನೇ ಬಿಟ್ಟು ಇದ್ದಲ್ಲೇ ಸ್ತಬ್ಧವಾಯಿತು.

ಕೊನೆಯ ಮಾತು ಗಮನಿಸಿ. ಓಡಬೇಕೋ ಬೇಡವೋ ಅನ್ನುವುದನ್ನೂ ನೆನಪೇ ತೀರ್ಮಾನಿಸುತ್ತದೆ. ಹೋಗಲು ಜಾಗ ಇದ್ದರೆ ಓಟ, ಇಲ್ಲದಿದ್ದರೆ ಅಲ್ಲಾಡದೆ ಕೂರುವುದು.

ಇಲಿಯ ತಲೆಯೊಳಗೆ ನಕ್ಷೆ ಇದೆ ಎಂದು ಎಡ್ವರ್ಡ್ ಟೋಲ್ಮನ್ 1948ರಲ್ಲೇ ಹೇಳಿದ್ದರು. 1971ರಲ್ಲಿ ಜಾನ್ ಓಕೀಫ್, ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಚುರುಕಾಗುವ ಮಿದುಳಿನ ಕೋಶಗಳನ್ನು ಗುರುತಿಸಿದರು. 2005ರಲ್ಲಿ ನಾರ್ವೆಯ ಮೋಸರ್ ದಂಪತಿಯ ತಂಡ ದೂರ, ದಿಕ್ಕನ್ನು ಅಳೆಯುವ ಇನ್ನೊಂದು ಬಗೆಯ ಕೋಶಗಳನ್ನು ಕಂಡಿತು. ಓಕೀಫ್‌ಗೂ ಮೋಸರ್ ದಂಪತಿಗೂ 2014ರ ನೊಬೆಲ್ ಬಂತು. ನಾವು ಪಾಷಾಣ ಹಾಕುವ ಪ್ರಾಣಿಯಿಂದಲೇ ಮನುಷ್ಯನ ಮರೆವಿನ ಕಾಯಿಲೆಯ ಬಗ್ಗೆ ಎಷ್ಟೋ ತಿಳಿದಿದೆ ಅನ್ನುವುದು ಬೇರೆ ಮಾತು.

ಆಫ್ರಿಕಾದ ಕೆನ್ಯಾದಲ್ಲಿ ಸೆಂಗಿ ಎಂಬ ಉದ್ದ ಮೂತಿಯ ಪುಟ್ಟ ಪ್ರಾಣಿ ಇದನ್ನೇ ಇನ್ನೂ ಮುಂದಕ್ಕೆ ಒಯ್ದಿದೆ. ಅದು ಬಿಲ ತೋಡುವುದಿಲ್ಲ. ಬದಲಿಗೆ ಪೊದೆಗಳ ನಡುವೆ ತನ್ನದೇ ಓಡುದಾರಿಗಳ ಜಾಲ ಮಾಡಿಕೊಳ್ಳುತ್ತದೆ. ಹಗಲಿನ ಸಾಕಷ್ಟು ಹೊತ್ತನ್ನು ದಾರಿಗೆ ಬಿದ್ದ ಎಲೆ, ಕಡ್ಡಿ ತಳ್ಳಿ ಚೊಕ್ಕಟ ಮಾಡುವುದಕ್ಕೇ ಕಳೆಯುತ್ತದೆ. ಓಡುವಾಗ ಒಂದು ಕಡ್ಡಿ ಎಡವಿದರೂ ಜೀವ ಹೋದೀತು, ಅಲ್ವಾ?

ಈಗ ನಮ್ಮ ಗದ್ದೆ ಬದುವಿಗೆ ಬನ್ನಿ. ಬಾಗಿ ನೋಡಿದರೆ ಹುಲ್ಲಿನ ಬುಡದಲ್ಲಿ ಮುಷ್ಟಿ ಅಗಲದ ಜಾಡು ಕಾಣುತ್ತದೆ. ಹುಲ್ಲು ಎರಡು ಪಕ್ಕಕ್ಕೆ ಸರಿದಿರುತ್ತದೆ, ನೆಲ ಉಜ್ಜಿ ನುಣ್ಣಗಾಗಿರುತ್ತದೆ, ಅಲ್ಲಲ್ಲಿ ಹಿಕ್ಕೆ. ಜಾಡು ಹಿಡಿದು ಹೋದರೆ ಹೊಸ ಮಣ್ಣಿನ ಗುಡ್ಡೆ. ಅದರ ಕೆಳಗೆ ಬಿಲದ ಬಾಯಿ, ಎಷ್ಟೋ ಸಲ ಒಳಗಿನಿಂದ ಮಣ್ಣು ಮೆತ್ತಿ ಮುಚ್ಚಿದ್ದು. ಇನ್ನೊಂದು ತುದಿಯಲ್ಲಿ ಓರೆಯಾಗಿ ಕತ್ತರಿಸಿದ ಪೈರಿನ ಬುಡಗಳು. ಇಲಿ ರಾತ್ರಿಯೆಲ್ಲ ಮೀಸೆಯನ್ನು ಬದುವಿಗೆ ತಾಗಿಸಿಕೊಂಡು ಇದೇ ದಾರಿಯಲ್ಲಿ ಹೋಗಿ ಬರುತ್ತದೆ. ಉಚ್ಚೆಯ ವಾಸನೆ ಬಿಟ್ಟು ಗುರುತು ಮಾಡುತ್ತದೆ. ಕಗ್ಗತ್ತಲಲ್ಲೂ ಕಣ್ಣಿನ ಹಂಗಿಲ್ಲದೆ ಓಡಬಲ್ಲದು. ಬದು ಅದರ ಪಾಲಿಗೆ ಮನೆಯೂ ಹೌದು, ರಸ್ತೆಯೂ ಹೌದು.

ನಾಲಿಗೆಯ ನೆನಪು

ಜಾಗದ ನೆನಪಿನಷ್ಟೇ ಗಟ್ಟಿ ರುಚಿಯ ನೆನಪು. ಪಾಷಾಣ ಕೈಕೊಡುವುದು ಇಲ್ಲೇ.

ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಅದರ ಹೊಟ್ಟೆ, ಗಂಟಲಿನ ರಚನೆಯೇ ಹಾಗಿದೆ. ಒಳಗೆ ಹೋದದ್ದು ಹೊರಗೆ ಬರಲ್ಲ. ಹಾಗಾಗಿ ಹೊಸ ತಿನಿಸು ಕಂಡರೆ ಅದು ಮುಗಿಬೀಳುವುದಿಲ್ಲ. ಚೂರೇ ಚೂರು ತಿಂದು ನೋಡುತ್ತದೆ, ಕಾಯುತ್ತದೆ. ಹೊಟ್ಟೆ ಕೆಟ್ಟರೆ ಆ ರುಚಿಯನ್ನು ಬಹಳ ಕಾಲ ಮುಟ್ಟುವುದಿಲ್ಲ. ಅಮೆರಿಕದ ಜಾನ್ ಗಾರ್ಸಿಯಾ 1955ರಲ್ಲಿ ಇದನ್ನು ಪ್ರಯೋಗದಲ್ಲಿ ತೋರಿಸಿದರು. ಸಿಹಿ ನೀರು ಕುಡಿದ ಇಲಿಗಳಿಗೆ ವಿಕಿರಣ ತಾಗಿಸಿ ಹೊಟ್ಟೆ ಕೆಡಿಸಿದರು. ಆಮೇಲೆ ಅವು ಸಿಹಿ ನೀರನ್ನೇ ಬಿಟ್ಟವು. 1966ರಲ್ಲಿ ಅವರದೇ ಇನ್ನೊಂದು ಪ್ರಯೋಗ ಮತ್ತೊಂದು ಸೂಕ್ಷ್ಮ ತಿಳಿಸಿತು. ಹೊಟ್ಟೆ ಕೆಟ್ಟರೆ ಇಲಿ ರುಚಿಯನ್ನು ದೂರುತ್ತದೆ, ಅದೇ ಹೊತ್ತಿಗೆ ಕಂಡ ಬೆಳಕು ಅಥವಾ ಕೇಳಿದ ಸದ್ದನ್ನಲ್ಲ. ತಿಂದದ್ದಕ್ಕೂ ಕಾಯಿಲೆಗೂ ನಡುವೆ ಗಂಟೆಗಟ್ಟಲೆ ಅಂತರ ಇದ್ದರೂ ಈ ಗಂಟು ಬೀಳುತ್ತದೆ ಎಂದು ಆಮೇಲಿನ ಪ್ರಯೋಗಗಳು ತೋರಿಸಿದವು.

ಗದ್ದೆಯಲ್ಲಿ ಬಳಸುವ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲದ ಜೊತೆ ಸೇರಿ ಫಾಸ್ಫೀನ್ ಅನಿಲ ಬಿಡುತ್ತದೆ. ಕೆಲಸ ಬೇಗ. ಸಾಕಷ್ಟು ತಿಂದ ಇಲಿ ಸಾಯುತ್ತದೆ. ಆದರೆ ಚೂರು ತಿಂದು ಸಂಕಟಪಟ್ಟು ಬದುಕಿದ ಇಲಿಗೆ ಪಾಠ ಆಗುತ್ತದೆ. ಮುಂದಿನ ವಾರ ಅದೇ ನುಚ್ಚು, ಅದೇ ಪುಡಿ ಇಟ್ಟರೆ ಮೂಸಿ ಮುಂದೆ ಹೋಗುತ್ತದೆ. ವಿಷ ಒಗ್ಗಿಹೋಗಿದೆ ಎಂದು ಜನ ಹೇಳುವುದು ಹೆಚ್ಚಾಗಿ ಇದನ್ನೇ. ಒಗ್ಗುವುದೂ ಉಂಟು. ವಾರ್ಫರಿನ್ ಎಂಬ ಹಳೇ ಇಲಿ ಮದ್ದಿಗೆ ಮೈ ಜಗ್ಗದ ಇಲಿಗಳು 1958ರಲ್ಲಿ ಸ್ಕಾಟ್ಲೆಂಡಿನಲ್ಲಿ ಮೊದಲು ಸಿಕ್ಕವು. ಆದರೆ ಅದು ತಲೆಮಾರುಗಳಲ್ಲಿ ಆಗುವ ವಂಶವಾಹಿಯ ಬದಲಾವಣೆ. ನುಚ್ಚನ್ನು ಮೂಸಿ ಬಿಡುವುದು ಒಂದೇ ರಾತ್ರಿಯಲ್ಲಿ ಕಲಿತ ನೆನಪು. ಎರಡಕ್ಕೂ ಮದ್ದು ಬೇರೆ.

ಕೃಷಿ ವಿಜ್ಞಾನಿಗಳು ಪಾಷಾಣಕ್ಕೆ ಮೊದಲು ಎರಡು ಮೂರು ದಿನ ಬರೀ ಎಣ್ಣೆ ಸವರಿದ ನುಚ್ಚು ಇಡಿ ಎನ್ನುವುದು ಇದಕ್ಕೇ. ಭಯ ಹೋದ ಮೇಲೆ ಇಲಿ ಹೊಟ್ಟೆತುಂಬ ತಿನ್ನುತ್ತದೆ. ಆಗ ಇಟ್ಟರೆ ಒಂದೇ ಸಲಕ್ಕೆ ಕೆಲಸ ಆಗುತ್ತದೆ. ಈ ಮೂರು ದಿನದ ತಾಳ್ಮೆ ಎಷ್ಟು ಗದ್ದೆಯಲ್ಲಿ ನಡೆಯುತ್ತದೆ ಅಂತೀರಾ? ಅಂಗಡಿಯಿಂದ ಪೊಟ್ಟಣ ತಂದ ಸಂಜೆಯೇ ಇಟ್ಟುಬಿಡುವುದು ಜಾಸ್ತಿ. ಬ್ರೊಮಡಿಯೊಲೋನ್ ಎಂಬ ಇನ್ನೊಂದು ಮದ್ದು ಬೇರೆ ದಾರಿ ಹಿಡಿಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನ ಬಿಟ್ಟು ಕೊಲ್ಲುತ್ತದೆ. ಇಷ್ಟು ತಡವಾದರೆ ಇಲಿಗೆ ತಿನಿಸನ್ನೂ ಕಾಯಿಲೆಯನ್ನೂ ಗಂಟು ಹಾಕಲು ಆಗಲ್ಲ. ಅದರ ಅಡ್ಡ ಪರಿಣಾಮ ಮುಂದೆ ಬರುತ್ತದೆ.

ಒಂದು ಇಲಿ ಸತ್ತರೆ ಉಳಿದವಕ್ಕೆ ಸುದ್ದಿ ಮುಟ್ಟಿಸುತ್ತೆ ಎಂಬ ಮಾತು ಹಳ್ಳಿಯಲ್ಲಿ ಇದೆ. ಇದು ಪೂರ್ತಿ ಸರಿಯಲ್ಲ. ಕೆನಡಾದ ಬೆನೆಟ್ ಗೇಲೆಫ್ ವರ್ಷಗಟ್ಟಲೆ ಇದನ್ನು ಪರೀಕ್ಷಿಸಿದರು. ಜೊತೆಗಾರನ ಉಸಿರಲ್ಲಿ ಯಾವ ತಿನಿಸಿನ ವಾಸನೆ ಇದೆಯೋ ಅದನ್ನು ಇಲಿ ಇಷ್ಟಪಡಲು ಕಲಿಯುತ್ತದೆ. ಆ ಜೊತೆಗಾರ ಕಾಯಿಲೆ ಬಿದ್ದಿದ್ದರೂ ಇಷ್ಟವೇ ಪಡುತ್ತದೆ! ಎಚ್ಚರಿಕೆ ದಾಟುವುದು ಇನ್ನೊಂದು ಬಗೆಯಲ್ಲಿ. ಮರಿಗಳು ದೊಡ್ಡ ಇಲಿಗಳು ತಿನ್ನುವ ಜಾಗದಲ್ಲೇ, ಅವು ತಿನ್ನುವುದನ್ನೇ ತಿನ್ನಲು ಶುರು ಮಾಡುತ್ತವೆ. ದೊಡ್ಡವು ಪಾಷಾಣದ ನುಚ್ಚನ್ನು ಬಿಟ್ಟಿದ್ದರೆ ಮರಿಗಳು ಅದರ ಹತ್ತಿರವೇ ಸುಳಿಯಲ್ಲ. ಯಾರೂ ಹೇಳಿಕೊಡದೆ, ಯಾರೂ ಸಾಯದೆ ಪಾಠ ಮುಂದಿನ ತಲೆಮಾರಿಗೆ ಹೋಗುತ್ತದೆ.

ಚಿರತೆ ಹೋದರೆ ಇಲಿ ಹೆಚ್ಚುತ್ತಾ?

2022ರ ಕೊನೆಯಿಂದ 2023ರ ಆರಂಭದವರೆಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಬಲಿಯಾದರು. ಆಮೇಲೆ ಮೈಸೂರಿಗಾಗಿಯೇ ಚಿರತೆ ಕಾರ್ಯಪಡೆ ರಚನೆಯಾಯಿತು. ಕೆಆರ್‌ಎಸ್ ಬೃಂದಾವನವನ್ನೂ ಚಿರತೆ ಕಂಡಿತೆಂದು ಕೆಲಕಾಲ ಮುಚ್ಚಿದ್ದರು. ಆಗಿನಿಂದ ಚಿರತೆ ಹಿಡಿಯುವುದಕ್ಕೂ ಇಲಿ ಹೆಚ್ಚುವುದಕ್ಕೂ ಗಂಟು ಹಾಕುವ ಮಾತು ಶುರುವಾಗಿದೆ.

ಚಿರತೆ ಇಲಿ ತಿನ್ನುವುದಿಲ್ಲ ಅಂತಲ್ಲ. ಆದರೆ ಊರ ಹತ್ತಿರದ ಚಿರತೆಯ ಹೊಟ್ಟೆ ತುಂಬುವುದು ಹೆಚ್ಚಾಗಿ ನಾಯಿ, ಆಡು, ಕುರಿಯಿಂದ. ಇಲಿಯ ಲೆಕ್ಕದಲ್ಲಿ ಅದರ ಪಾಲು ತೀರಾ ಚಿಕ್ಕದು. ನಿಜವಾದ ಬೇಟೆಗಾರರು ಬೇರೆ. ಕೇರೆ ಹಾವು, ನಾಗರಹಾವು, ಮುಂಗುಸಿ, ಕಾಡುಬೆಕ್ಕು, ನರಿ, ಗದ್ದೆ ಮೇಲೆ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುವ ಬಿಳಿ ಹದ್ದು, ಮತ್ತೆ ಕಣಜದ ಗೂಬೆ. ಇವುಗಳಲ್ಲಿ ಹಾವಿಗೆ ಒಂದು ದೊಡ್ಡ ಅನುಕೂಲ ಇದೆ. ಇಲಿ ಯಾವ ಬಿಲವನ್ನು ನಂಬಿ ಓಡುತ್ತದೋ ಅದೇ ಬಿಲದೊಳಗೆ ಹಾವು ನುಗ್ಗಬಲ್ಲದು. ಇಲಿಯ ಇಡೀ ಉಪಾಯ ಅಲ್ಲಿ ತಲೆಕೆಳಗು. ಇಷ್ಟಾದರೂ ಕಬ್ಬು ಕಡಿಯುವಾಗ ವಿಷವಿಲ್ಲದ ಕೇರೆಯನ್ನು ಹೊಡೆದು ಕೊಲ್ಲುವುದು ನಿಂತಿಲ್ಲ.

ಗೂಬೆಯ ಬಲ ಕಿವಿ. ಎರಡು ಕಿವಿಯ ತೂತು ಮೇಲೆ ಕೆಳಗೆ ಇರುವುದರಿಂದ ಸದ್ದು ಎಷ್ಟು ಎತ್ತರದಿಂದ, ಯಾವ ಕಡೆಯಿಂದ ಬಂತು ಅನ್ನುವುದು ಅದಕ್ಕೆ ಕರಾರುವಾಕ್ಕಾಗಿ ಗೊತ್ತಾಗುತ್ತದೆ. ಪೂರ್ತಿ ಕತ್ತಲ ಕೋಣೆಯಲ್ಲೂ ಬರೀ ಸದ್ದು ಕೇಳಿ ಇಲಿ ಹಿಡಿಯಬಲ್ಲದು ಎಂದು ಪ್ರಯೋಗಗಳಲ್ಲಿ ಕಂಡಿದೆ. ರೆಕ್ಕೆಯ ಅಂಚಿನ ಬಾಚಣಿಗೆಯಂಥ ಎಳೆಗಳು ಹಾರಾಟದ ಸದ್ದನ್ನು ಅಡಗಿಸುತ್ತವೆ.

ಆದರೆ ಗೂಬೆಯ ಕೊಡುಗೆಯನ್ನು ಅದು ತಿಂದ ಇಲಿಯಲ್ಲಿ ಮಾತ್ರ ಎಣಿಸಬಾರದು. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಪಳಗಿಸಿದ ಗೂಬೆಗಳನ್ನು ಜರ್ಬಿಲ್‌ಗಳಿದ್ದ ಜಾಗದ ಮೇಲೆ ಹಾರಿಸಿ ನೋಡಿದರು. ಜರ್ಬಿಲ್‌ಗಳ ಓಡಾಟವೇ ಇಳಿಯಿತು. ಬೆಳದಿಂಗಳಲ್ಲೂ ಇಂಥ ಪ್ರಾಣಿಗಳು ಬಯಲಿಗೆ ಬರುವುದು ಕಡಿಮೆ, ಬಂದರೂ ಪೊದೆಯ ನೆರಳು ಬಿಡುವುದಿಲ್ಲ. ಅಂದರೆ ಹೆದರಿದ ಇಲಿ ಬಿಲದ ಹತ್ತಿರವೇ ಮೇಯುತ್ತದೆ, ಬೇಗ ಒಳಗೆ ಹೋಗುತ್ತದೆ, ಕಡಿಮೆ ತಿನ್ನುತ್ತದೆ.

ಪಾಷಾಣದವರು, ಗೂಬೆಯವರು

ಪಾಷಾಣದ ಪರ ಇರುವವರ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಇಲಿಯ ಬಸಿರು ಸುಮಾರು ಮೂರು ವಾರ. ಒಂದು ಸೂಲಿಗೆ ಹಲವು ಮರಿ. ಪೈರು ಕಣ್ಣೆದುರೇ ಉರುಳುತ್ತಿರುವಾಗ ಗೂಬೆ ಬಂದು ಗೂಡು ಕಟ್ಟಲಿ ಎಂದು ಕಾಯುವುದು ಆಗದ ಮಾತು. ಸಾಲ ಮಾಡಿ ನಾಟಿ ಮಾಡಿದವನಿಗೆ ಆ ವಾರವೇ ಏನಾದರೂ ಆಗಬೇಕು.

ಗೂಬೆಯ ಪರ ಇರುವವರೂ ಗಾಳಿಗೋಪುರ ಕಟ್ಟುತ್ತಿಲ್ಲ. ಇಸ್ರೇಲಿನ ಸ್ದೆ ಎಲಿಯಾಹು ಎಂಬ ಕೃಷಿ ಸಮುದಾಯದಲ್ಲಿ 1980ರ ದಶಕದಲ್ಲೇ ಗೂಬೆ ಪೆಟ್ಟಿಗೆಗಳು ಶುರುವಾದವು. ಆಮೇಲೆ ಜೋರ್ಡಾನ್, ಪ್ಯಾಲೆಸ್ಟೀನ್ ರೈತರೂ ಸೇರಿಕೊಂಡರು. ಮಲೇಷ್ಯಾದ ತಾಳೆ ತೋಟಗಳಲ್ಲೂ ಪೆಟ್ಟಿಗೆಗಳಿವೆ. ಅವರ ಮುಖ್ಯ ತಕರಾರು ವಿಷ ಇಲಿಯಲ್ಲೇ ನಿಲ್ಲುವುದಿಲ್ಲ ಅನ್ನುವುದು. ಬ್ರೊಮಡಿಯೊಲೋನ್ ತಿಂದ ಇಲಿ ಕೂಡಲೇ ಸಾಯಲ್ಲ. ದಿನಗಟ್ಟಲೆ ತೂಗಾಡುತ್ತ ಓಡಾಡುತ್ತದೆ. ಓಟ ನಿಧಾನ ಆದ ಇಲಿ ಗೂಬೆಗೂ ಬೆಕ್ಕಿಗೂ ಸುಲಭದ ತುತ್ತು. ವಿಷ ಅವುಗಳ ಈಲಿಯಲ್ಲಿ, ಅಂದರೆ ಪಿತ್ತಜನಕಾಂಗದಲ್ಲಿ, ಸೇರುತ್ತದೆ. ಹಲವು ದೇಶಗಳಲ್ಲಿ ಸತ್ತ ಗೂಬೆಗಳ ಈಲಿ ಪರೀಕ್ಷಿಸಿದಾಗ ಇಂಥ ಮದ್ದುಗಳು ಸಿಕ್ಕಿವೆ.

ನನ್ನ ಲೆಕ್ಕದಲ್ಲಿ ಇಬ್ಬರೂ ಒಂದೇ ಕಡೆ ಎಡವುತ್ತಾರೆ. ಇಬ್ಬರಿಗೂ ಇಲಿಯ ತಲೆ ಎಣಿಸುವುದೇ ಗುರಿ. ಅದು ಓಡುವ ದಾರಿ, ನಂಬಿರುವ ಬಿಲ ಹಾಗೇ ಉಳಿದರೆ ಸತ್ತ ಇಲಿಯ ಜಾಗಕ್ಕೆ ಪಕ್ಕದ ಗದ್ದೆಯಿಂದ ಇನ್ನೊಂದು ಬರುತ್ತದೆ. ಸಿದ್ಧವಾಗಿರುವ ಬಿಲ, ಸವೆದ ಜಾಡು, ಪರಿಚಯದ ವಾಸನೆ ಎಲ್ಲ ಪುಕ್ಕಟೆ. ಹೊಸಬ ದಾರಿ ಕಲಿಯಲು ಎಷ್ಟು ಹೊತ್ತು ಬೇಕು ಅನ್ನುವುದನ್ನು ಬ್ರಿಟನ್ನಿನಲ್ಲೋ ಕೆನಡಾದಲ್ಲೋ ಕೇಳಬೇಕಾಗಿಲ್ಲ, ಮೇಲೆ ನೋಡಿದೆವಲ್ಲ.

ನಾಲೆ, ಕಬ್ಬು, ದಪ್ಪ ಬದು

ಮಂಡ್ಯದ ನೆಲ ಇಲಿಗೆ ಹೇಳಿಮಾಡಿಸಿದ ಹಾಗಿದೆ. ಕಾರಣ ಮೂರು. ಮೊದಲನೆಯದು ಬೆಳೆ. ಕೆಆರ್‌ಎಸ್ ಕಟ್ಟಿ, ವಿಶ್ವೇಶ್ವರಯ್ಯ ನಾಲೆ ಹರಿದ ಮೇಲೆ ಇಲ್ಲಿ ಭತ್ತ, ಕಬ್ಬು ಪಕ್ಕಪಕ್ಕ ಬಂದವು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಯಿತು. ಕಬ್ಬು ಹತ್ತು ಹನ್ನೆರಡು ತಿಂಗಳು ನೆಲದ ಮೇಲೆ ನಿಲ್ಲುತ್ತದೆ. ಕಡಿದ ಮೇಲೂ ಕೂಳೆ ಬಿಡುತ್ತಾರೆ, ಸೋಗೆ ಬಿದ್ದಿರುತ್ತದೆ. ಮೇಲೆ ಹದ್ದಿಗೆ ಕಾಣದ ಚಪ್ಪರ, ಕೆಳಗೆ ಉಳದ ನೆಲ. ಬಿಲವೂ ಭದ್ರ, ನಕ್ಷೆಯೂ ಭದ್ರ. ಭತ್ತ ಕೊಯ್ದಾಗ ಇಲಿ ಕಬ್ಬಿಗೆ ಸರಿಯುತ್ತದೆ. ಕಬ್ಬು ಕಡಿದಾಗ ಭತ್ತಕ್ಕೋ, ಹುಲ್ಲಿನ ಮೆದೆಗೋ, ಮನೆಗೋ ಬರುತ್ತದೆ.

ಎರಡನೆಯದು ನಾಟಿಯ ಹೊತ್ತು. ಪೈರು ತೆನೆ ಕಟ್ಟುವ ಕಾಲಕ್ಕೆ ಇಲಿಯ ಸಂತಾನ ಜೋರಾಗುತ್ತದೆ. ಊರಿಗೆ ಊರೇ ಎರಡು ಮೂರು ವಾರದೊಳಗೆ ನಾಟಿ ಮುಗಿಸಿದರೆ ಈ ಕಾಲ ಚಿಕ್ಕದು. ನಾಲೆಯಲ್ಲಿ ಕಟ್ಟು ನೀರು, ಅಂದರೆ ಸರದಿಯ ಮೇಲೆ ನೀರು, ಬಿಟ್ಟು, ಮೇಲಿನವರು ಒಂದು ಸಲ, ತುದಿಯವರು ತಿಂಗಳು ಬಿಟ್ಟು ನಾಟಿ ಮಾಡಿದರೆ ಇಲಿಗೆ ಹಬ್ಬದೂಟ ಒಂದು ಗದ್ದೆಯಿಂದ ಇನ್ನೊಂದಕ್ಕೆ ಮುಂದುವರಿಯುತ್ತಲೇ ಇರುತ್ತದೆ. ತುದಿಯ ಗದ್ದೆಯವನಿಗೆ ನೀರೂ ಕಡಿಮೆ, ಇಲಿಯೂ ಜಾಸ್ತಿ. ಇದು ಅವನ ಅಸಡ್ಡೆಯಿಂದ ಆದದ್ದಲ್ಲ.

ಮೂರನೆಯದು ಬದು. ಗದ್ದೆಗೆ ನೀರು ನಿಂತಾಗ ಒಳಗಿನ ಬಿಲ ಮುಳುಗುತ್ತದೆ. ಉಳಿಯುವುದು ಬದುವಿನ ಬಿಲ ಮಾತ್ರ. ಬದು ದಪ್ಪ ಇದ್ದಷ್ಟೂ ಒಳಗೆ ಕೋಣೆಗೆ ಜಾಗ. 30 ಸೆಂಟಿಮೀಟರ್‌ಗಿಂತ ಕಿರಿದಾದ ಬದುವಿನಲ್ಲಿ ಇಲಿ ನೆಮ್ಮದಿಯಾಗಿ ಬಿಲ ಮಾಡಲಾರದು ಎಂಬುದು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಕೊಡುವ ಸಲಹೆಯ ತಿರುಳು. ನಾಲೆ ಏರಿಯ ಮೇಲಿನ ಪೊದೆಗೂ ಇದೇ ಮಾತು. ಜೊತೆಗೆ ಏರಿಯಲ್ಲಿ ಬಿಲ ಬಿದ್ದರೆ ನೀರೂ ಸೋರುತ್ತದೆ.

ಹಾಗಾದರೆ ಕೆಲಸದ ಹೊತ್ತು ಯಾವುದು? ಹೊಡೆ ಬಂದ ಮೇಲೆ ಅಲ್ಲ. ನಾಟಿಗೆ ಮೊದಲು ಮತ್ತು ನಾಟಿಯಾದ ಮೊದಲ ವಾರಗಳಲ್ಲಿ. ಆಗ ಇಲಿ ಕಡಿಮೆ, ಮರಿ ಇನ್ನೂ ಹುಟ್ಟಿಲ್ಲ, ತಿನ್ನಲು ಬೇರೆ ಏನೂ ಇಲ್ಲ. ಬದು ಕಡಿದು ಹೊಸದಾಗಿ ಮೆತ್ತಿದರೆ ಬಿಲ, ಜಾಡು ಎರಡೂ ಅಳಿಸುತ್ತವೆ. ಸಂಜೆ ಎಲ್ಲ ಬಿಲದ ಬಾಯಿಗೆ ಮಣ್ಣು ಮುಚ್ಚಿ, ಬೆಳಿಗ್ಗೆ ತೆರೆದಿದ್ದನ್ನು ಮಾತ್ರ ಗುರುತಿಸಿದರೆ ಯಾವುದರಲ್ಲಿ ಇಲಿ ಇದೆ ಅನ್ನುವುದು ಗೊತ್ತಾಗುತ್ತದೆ. ಪಾಷಾಣ ಇಡಲೇಬೇಕಾದರೆ ಆ ಬಿಲಗಳ ಒಳಗೆ, ಸಾದಾ ನುಚ್ಚಿನ ಮೂರು ದಿನ ಮುಗಿಸಿ, ಹಂಗಾಮಿಗೆ ಒಂದೇ ಸಲ. ತಂಜಾವೂರು ಕಡೆಯ ಬಿದಿರು ಬಿಲ್ಲಿನ ಬೋನನ್ನು ಜಾಡಿನ ಮೇಲೇ ಇಟ್ಟರೆ ಇಲಿಯ ನೆನಪೇ ಅದನ್ನು ಬೋನಿಗೆ ತಂದು ಬಿಡುತ್ತದೆ. ಹಗಲು ಹದ್ದು, ರಾತ್ರಿ ಗೂಬೆ ಕೂರಲು ಗದ್ದೆಯಲ್ಲಿ ಗೂಟ ನೆಡುವುದಕ್ಕೆ ಖರ್ಚೇ ಇಲ್ಲ. ತೆನೆ ಬಲಿಯುವ ಮೊದಲು ಗೂಟ ಕಿತ್ತುಬಿಡಿ, ಇಲ್ಲದಿದ್ದರೆ ಕಾಳು ತಿನ್ನುವ ಹಕ್ಕಿಗಳಿಗೂ ಅದೇ ಪೀಠ.

ಇದೆಲ್ಲ ಒಬ್ಬರೇ ಮಾಡಿದರೆ ಹೆಚ್ಚೇನೂ ಆಗಲ್ಲ. ಒಂದೇ ತೂಬಿನ ಕೆಳಗಿನವರು ಒಂದೇ ವಾರದಲ್ಲಿ ಮಾಡಬೇಕು.

ಮುಂದೆ ಏನಾಗಬಹುದು?

ಈಗಿನ ರೀತಿಯೇ ಮುಂದುವರಿದರೆ ಎರಡು ಸಂಗತಿ ಒಟ್ಟಿಗೆ ಆಗುತ್ತವೆ. ಬಾಯಿ ರುಚಿ ನೋಡಿ ಬಿಡುವ ಇಲಿಗಳು ಉಳಿಯುತ್ತವೆ, ಅವುಗಳ ಮರಿಗಳೂ ನುಚ್ಚು ಮುಟ್ಟುವುದಿಲ್ಲ. ಇನ್ನೊಂದು ಕಡೆ ಗೂಬೆ, ಕಾಡುಬೆಕ್ಕು ಕಡಿಮೆಯಾಗುತ್ತವೆ. ಅವು ವರ್ಷಕ್ಕೆ ಒಂದೆರಡು ಸಲ ಮಾತ್ರ ಮರಿ ಮಾಡುವ ಜೀವಿಗಳು, ಕಳೆದದ್ದನ್ನು ತುಂಬಿಕೊಳ್ಳಲು ಇಲಿಯಷ್ಟು ಬೇಗ ಆಗಲ್ಲ. ಬೇಟೆಗಾರ ಇಲ್ಲದ ಗದ್ದೆಯಲ್ಲಿ ಇಲಿ ಬಿಲದಿಂದ ದೂರಕ್ಕೂ ಧೈರ್ಯವಾಗಿ ಹೋಗುತ್ತದೆ. ಗದ್ದೆಯ ನಡುಭಾಗ ಬೋಳಾಗುವುದು ಆಗಲೇ. ರೈತ ಇನ್ನೂ ಘಾಟಿನ ವಿಷ ಹುಡುಕುತ್ತಾನೆ. ಅದು ದನದ ಬಾಯಿಗೆ, ಮಕ್ಕಳ ಕೈಗೆ ಸಿಗುವ ಅಪಾಯ ಬೇರೆ.

ಕಬ್ಬು ಕಟಾವಿಗೆ ಯಂತ್ರ ಬರುತ್ತಿರುವುದರಿಂದಲೂ ಲೆಕ್ಕ ಬದಲಾಗಲಿದೆ. ಆಳುಗಳು ದಿನಗಟ್ಟಲೆ ಕಡಿಯುವಾಗ ಇಲಿ ಸ್ವಲ್ಪ ಸ್ವಲ್ಪವೇ ಸರಿಯುತ್ತದೆ. ಯಂತ್ರ ಒಂದೇ ದಿನಕ್ಕೆ ಇಡೀ ತೋಟ ಬಯಲು ಮಾಡಿದರೆ ಅಷ್ಟೂ ಇಲಿ ಒಂದೇ ರಾತ್ರಿ ಪಕ್ಕಕ್ಕೆ ನುಗ್ಗುತ್ತದೆ. ಆ ಒಂದೆರಡು ರಾತ್ರಿ ಅವು ಗೊತ್ತಿಲ್ಲದ ನೆಲದಲ್ಲಿ, ಬಿಲ ಇಲ್ಲದೆ, ಜಾಡು ಇಲ್ಲದೆ ಇರುತ್ತವೆ. ಹಾವಿಗೂ ಗೂಬೆಗೂ ಬೋನಿಗೂ ಸುಲಭವಾಗಿ ಸಿಗುವುದು ಆಗಲೇ. ಕಟಾವಿನ ತಾರೀಕು ಕಾರ್ಖಾನೆಗೆ ಮೊದಲೇ ಗೊತ್ತಿರುತ್ತದೆ. ಅದು ಪಕ್ಕದ ಭತ್ತದವನಿಗೂ ಒಂದು ವಾರ ಮೊದಲು ಗೊತ್ತಾದರೆ, ಬದುವಿನ ಮೇಲೆ ಬೋನು ಸಾಲಾಗಿ ಇಡಲು ಅಷ್ಟು ಸಮಯ ಸಾಕು.